ಹೂಂಗುಟ್ಟುವ ದೀಪ

ನನ್ನ ಅಪ್ಪ ನನ್ನೊಡನೆ ವಾದ ಮಾಡುವುದಿಲ್ಲ, ಒಪ್ಪಿಬಿಡುತ್ತಾರೆ. ದೇವರಿದ್ದಾನೋ ಇಲ್ಲವೋ ಎಂಬಲ್ಲಿಂದ ಹಿಡಿದು ಸಾರಿಗೆ ಹುಳಿ ಹೆಚ್ಚಾಯಿತೋ ಇಲ್ಲವೋ ಎಂಬಲ್ಲಿಯವರೆಗೆ ನಾನು ಏನು ಹೇಳಿದರೂ, "ಆಯ್ತು ಮಗಾ, ನೀನು ಹೇಳಿದ್ದೇ ಸರಿ" ಎಂದು ಕನ್ನಡಕ ಒರೆಸಿಕೊಳ್ಳುತ್ತಾರೆ. ಇದನ್ನು ಪ್ರೀತಿ ಎಂದು ತಿಳಿಯುವವರು ತಿಳಿದುಕೊಳ್ಳಲಿ. ನಾನು ಶಾಲೆಯಲ್ಲಿ ವರ್ಷಗಟ್ಟಲೆ ಡಿಬೇಟ್ ಮಾಡಿ ಬೆಳೆದವಳು. ಎದುರಾಳಿ ಎದ್ದು ನಿಂತು "ನನಗೇನೂ ಹೇಳಲಿಕ್ಕಿಲ್ಲ" ಎಂದು ಕೂತುಬಿಟ್ಟರೆ ಅದು ಗೆಲುವಲ್ಲ. ನಿಮ್ಮ ಮಾತು ಉತ್ತರಕ್ಕೂ ಯೋಗ್ಯವಲ್ಲ ಎಂದಂತೆ.

ಅದೇ ಅಪ್ಪ, ಕಳೆದ ಚಳಿಗಾಲದ ಪ್ರತಿ ಶುಕ್ರವಾರ ಸಂಜೆ, ಈ ಕೊಲ್ಲಿ ದೇಶದ ರಿಗ್ಗೈಯ ನಮ್ಮ ಫ್ಲ್ಯಾಟಿನ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನನ್ನದೇ ವಯಸ್ಸಿನ ಒಬ್ಬನ ಜೊತೆ ಚಹಾ ಆರಿ ಕೆನೆಗಟ್ಟುವ ತನಕ ವಾದ ಮಾಡುತ್ತಿದ್ದರು. "ಅಲ್ಲ ಮಾರಾಯ! ಅದು ಹೇಗೆ ಹೇಳ್ತಿ ನೀನು?" ಎಂದು ತೊಡೆ ತಟ್ಟುತ್ತಿದ್ದರು. ನಾನು ನನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು, ಮುಚ್ಚಿದ ಬಾಗಿಲಿಗೆ ಕಿವಿ ಕೊಟ್ಟು ಕೂರುತ್ತಿದ್ದೆ.

ಅಪ್ಪ ಶರ್ಕ್‌ನ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡೇ ಕೂದಲು ಬಿಳಿ ಮಾಡಿಕೊಂಡವರು. ಅದು ಹೊಟ್ಟೆಪಾಡು. ಅವರ ಜೀವ ಇರುವುದು ತಾಳಮದ್ದಲೆಯಲ್ಲಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥ ಹೇಳುವವರು ಎದುರೆದುರು ಕೂತು ಪುರಾಣದ ಒಬ್ಬೊಬ್ಬರ ಪಕ್ಷ ಹಿಡಿದು ಮಾತಿನಲ್ಲೇ ಹೊಡೆದಾಡುತ್ತಾರೆ. ಬರೆದುಕೊಂಡ ಮಾತಲ್ಲ, ಆ ಕ್ಷಣಕ್ಕೆ ಹುಟ್ಟಿದ್ದು. ಅಂದರೆ ಡಿಬೇಟ್. ನಾನು ಟ್ರೋಫಿ ತಂದದ್ದು ಯಾವುದರಲ್ಲೋ ಅದೇ. ಆದರೆ ನಾನು ತಂದದ್ದು ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಜಗಳಕ್ಕೆ ತುಳು, ವಾದಕ್ಕೆ ಕನ್ನಡ, ನನ್ನ ಉತ್ತರಕ್ಕೆ ಇಂಗ್ಲಿಷ್. ಕನ್ನಡವನ್ನು ನಾನು ಓದಿ ಕಲಿತದ್ದು ಆಮೇಲೆ, ಹಟದಿಂದ. ಅಷ್ಟರಲ್ಲಿ ಅಪ್ಪನ ಎದುರಿನ ಜಾಗ ಭರ್ತಿಯಾಗಿತ್ತು.

ಭರ್ತಿ ಮಾಡಿದವನು ಪುತ್ತೂರು ಕಡೆಯ ಒಬ್ಬ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ ಹುಡುಗ. ಊರಲ್ಲಿ ಕನ್ನಡ ಎಂ.ಎ. ಮಾಡಿ, ಇಲ್ಲಿ ಮಿರ್ಕಾಬಿನ ಒಂದು ಟ್ರೇಡಿಂಗ್ ಕಚೇರಿಯಲ್ಲಿ ಇನ್‌ವಾಯ್ಸ್ ಬರೆಯುತ್ತಾನೆ. ಅಪ್ಪನನ್ನು "ಗುರುಗಳೇ" ಎನ್ನುತ್ತಾನೆ. ನನಗಿಂತ ಕೆಲವು ತಿಂಗಳು ದೊಡ್ಡವನಾದರೂ ನನ್ನನ್ನು "ಅಕ್ಕ" ಎನ್ನುತ್ತಾನೆ. ಬ್ಯಾರಿ ಹುಡುಗ ಅರ್ಥ ಹೇಳುತ್ತಾನೆಂದು ಇಲ್ಲಿನ ನಮ್ಮ ಕನ್ನಡ ಸಂಘದವರಿಗೆಲ್ಲ ಕಣ್ಣಲ್ಲಿ ನೀರು. ಒಮ್ಮೆ ಲಿಫ್ಟಿನಲ್ಲಿ ನಾನು ಅವನಿಗೆ ಚುಚ್ಚಿದೆ: "ನಿಮಗೇನು ಬಿಡಿ, ಬಾಯಿ ತೆರೆಯುವ ಮೊದಲೇ ಚಪ್ಪಾಳೆ."

ಅವನು ನಕ್ಕ. "ಅದೇ ಅಲ್ವಾ ಅಕ್ಕ ಕಷ್ಟ. ಅವರು ನನ್ನ ಹೆಸರಿಗೆ ಚಪ್ಪಾಳೆ ತಟ್ಟುದು. ನಾನು ಎಂತ ಹೇಳಿದೆ ಅಂತ ಕೇಳಿದ್ರೆ ಒಬ್ರಿಗೂ ಗೊತ್ತಿಲ್ಲ. ಕೇಳುದು ಗುರುಗಳು ಒಬ್ರೇ."

ಚುಚ್ಚಿದ ಸೂಜಿ ನನ್ನ ಬೆರಳಿಗೇ ಬಂತು. ಕೇಳುವವರು ಅವರೊಬ್ಬರೇ ಎಂಬುದು ನನಗೂ ಗೊತ್ತಿತ್ತು. ಅವರು ಕೇಳುವುದು ಇವನನ್ನು ಎಂಬುದೂ ಗೊತ್ತಿತ್ತು.

ಅಪ್ಪನ ಕೆಲಸ ಮುಗಿಯಲಿತ್ತು. ಇಕಾಮಾ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ರದ್ದಾದರೆ ಅಪ್ಪ ಅಮ್ಮ ಇಬ್ಬರೂ ಊರಿಗೆ. ನಾನು ನನ್ನ ಕೆಲಸ, ನನ್ನ ವೀಸಾ ಹಿಡಿದುಕೊಂಡು ಇಲ್ಲೇ. ಬೀಳ್ಕೊಡುಗೆಗೆ ಒಂದು ತಾಳಮದ್ದಲೆ ಮಾಡುವುದೆಂದು ಸಂಘದವರು ನಿಶ್ಚಯಿಸಿದರು. ಚಳಿಗಾಲವಾದ್ದರಿಂದ ಮರುಭೂಮಿಯಲ್ಲಿ ಬಾಡಿಗೆಗೆ ಒಂದು ಖೈಮಾ, ದೊಡ್ಡ ಗುಡಾರ, ಶುಕ್ರವಾರ ಮಧ್ಯಾಹ್ನದ ಊಟ ಮುಗಿಸಿ ಶುರು. ಗೆದ್ದು ನಿಂತವನನ್ನು ಸೋತು ಬಿದ್ದವನು "ಯಾವ ನ್ಯಾಯದಲ್ಲಿ ಗೆದ್ದೆ?" ಎಂದು ಕೇಳುವ ಪ್ರಸಂಗ. ಗೆದ್ದವನಾಗಿ ಅಪ್ಪ. ಬಿದ್ದವನಾಗಿ ಅವನು.

"ವಿಡಿಯೋ ನಿನ್ನದು" ಎಂದರು ಅಪ್ಪ ನನಗೆ.

ನನ್ನ ಕ್ಯಾಮೆರಾ ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಅದರ ಬ್ಯಾಟರಿ ಗ್ಲೂಕೋಸ್ ಬಿಸ್ಕತ್ತಿಗಿಂತ ಸಣ್ಣದು, ಒಂದು ಗಂಟೆ ದಾಟುವಷ್ಟರಲ್ಲಿ ಕೆಂಪಾಗಿ ಮಿಟುಕಲು ಶುರು. ತಾಳಮದ್ದಲೆ ಮೂರು ಗಂಟೆಗೂ ನಿಲ್ಲುವಂಥದ್ದಲ್ಲ. ಬದಲಿ ಬ್ಯಾಟರಿ ಹಾಕಬಹುದಲ್ಲ ಎನ್ನುವವರಿಗೆ: ಹಾಕಬಹುದು. ಆಗ ಕ್ಯಾಮೆರಾ ನಿಲ್ಲುತ್ತದೆ. ಅಪ್ಪನ ಒಳ್ಳೆಯ ಮಾತು ಬರುವುದು ಆಗಲೇ, ಇದು ತರ್ಕವಲ್ಲ, ಅನುಭವ. ಕರೆಂಟ್ ಎಳೆದುಕೊಳ್ಳಬಹುದಲ್ಲ ಎನ್ನುವವರಿಗೆ: ಖೈಮಾದಲ್ಲಿ ಕರೆಂಟ್ ಎಂದರೆ ಜನರೇಟರ್, ಜನರೇಟರ್ ಎಂದರೆ ಗುಡುಗುಡು. ಅರ್ಥ ನಡೆಯುವಷ್ಟು ಹೊತ್ತು ಅದನ್ನು ಬಂದ್ ಮಾಡಬೇಕೆಂದು ಭಾಗವತರ ಕಟ್ಟಪ್ಪಣೆ. ಉಳಿದದ್ದು ಪವರ್ ಬ್ಯಾಂಕ್.

ಸುಲಭ ಎಂದುಕೊಂಡೆ. ಮೊಬೈಲಿಗೆ ಚುಚ್ಚುವ ಹಾಗೆ ಕ್ಯಾಮೆರಾಕ್ಕೆ ಚುಚ್ಚಿದೆ. ಪರೀಕ್ಷೆಗೆಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಅಮ್ಮನ ಕುಕ್ಕರಿಗೆ ಗುರಿಯಿಟ್ಟು ಕಚೇರಿಯ ಫೋನು ಮಾತಾಡಲು ಹೋದೆ. ಬಂದು ನೋಡಿದರೆ ಕ್ಯಾಮೆರಾ ಸತ್ತಿದೆ, ಪವರ್ ಬ್ಯಾಂಕಿನ ಹೊಟ್ಟೆ ತುಂಬಿದೆ. ಇನ್ನೊಮ್ಮೆ ಮಾಡಿದೆ, ಅದೇ. ಕೇಬಲ್ ಬದಲಿಸಿದೆ, ಅದೇ.

"ಕುಕ್ಕರಿನ ದೃಷ್ಟಿ ತಾಗಿರ್ಬೇಕು" ಎಂದಳು ಅಮ್ಮ.

ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ನೋಡಿದ ಮೇಲೆ ತಿಳಿಯಿತು. ಈ ಕ್ಯಾಮೆರಾ ಮೊದಲು ತನ್ನ ಹೊಟ್ಟೆಯಲ್ಲಿದ್ದದ್ದನ್ನೇ ತಿನ್ನುತ್ತದೆ. ಅಷ್ಟು ಹೊತ್ತು ಪವರ್ ಬ್ಯಾಂಕಿನಿಂದ ಏನನ್ನೂ ಎಳೆಯುವುದಿಲ್ಲ. ಏನನ್ನೂ ಎಳೆಯದಿದ್ದರೆ ಆ ಕಡೆ ಯಾರೂ ಇಲ್ಲವೆಂದು ತಿಳಿದು ಪವರ್ ಬ್ಯಾಂಕ್ ತಾನಾಗಿ ಮಲಗಿಬಿಡುತ್ತದೆ. ಮುಂದೆ ಕ್ಯಾಮೆರಾಕ್ಕೆ ಹಸಿವಾದಾಗ ಅದನ್ನು ಎಬ್ಬಿಸುವವರಿಲ್ಲ. ಒಂದರ ತುಂಬ ಇದೆ, ಇನ್ನೊಂದಕ್ಕೆ ಬೇಕಾಗಿದೆ, ನಡುವೆ ತಂತಿಯೂ ಇದೆ. ಆದರೂ ಸಾವು.

ಮದ್ದು ಕಂಡುಹಿಡಿದದ್ದೂ ನಾನೇ. ಪವರ್ ಬ್ಯಾಂಕಿನ ಎರಡನೆಯ ತೂತಿಗೆ ಪೆನ್ನಿನುದ್ದದ ಒಂದು ಯುಎಸ್‌ಬಿ ದೀಪ ಚುಚ್ಚಿದೆ, ಕುತ್ತಿಗೆ ಬಾಗುವಂಥದ್ದು. ಅದು ಸದಾ ಚೂರು ಎಳೆಯುತ್ತಿರುತ್ತದೆ, ಇದು ಮಲಗುವುದಿಲ್ಲ. ಈ ಸಲ ಕ್ಯಾಮೆರಾ ಸಂಜೆಯವರೆಗೆ ಓಡಿತು. ಅಮ್ಮನ ಕುಕ್ಕರಿನಷ್ಟು ದೀರ್ಘವಾದ ಸಾಕ್ಷ್ಯಚಿತ್ರ ಬೇರೆ ಯಾವ ಪಾತ್ರೆಗೂ ದಕ್ಕಿರಲಾರದು.

ಆ ಹೊತ್ತಿಗೆ ಅಭ್ಯಾಸಕ್ಕೆಂದು ಅವನು ಬಂದ. "ಹಗಲಲ್ಲಿ ದೀಪ ಯಾಕೆ ಅಕ್ಕ?" ಎಂದು ಕೇಳಿದ. ನಾನು ವಿವರಿಸಿದೆ. ಹಿಂದಿನಿಂದ ಅಪ್ಪ ಬಂದು ನಿಂತಿದ್ದರು. ಅವರ ಕಣ್ಣು ಅರಳಿತು.

"ಕೇಳಿದೆಯಾ? ಅದು ಹೂಂಗುಟ್ಟುವ ದೀಪ. ಕತೆ ಹೇಳುವವನಿಗೆ ಎದುರಿಂದ ಒಬ್ಬ 'ಹೂಂ, ಹೂಂ' ಅಂತ ಹೇಳ್ತಾ ಇರ್ಬೇಕು. ಇಲ್ಲದಿದ್ರೆ ಹೊಟ್ಟೆ ತುಂಬ ಮಾತಿದ್ರೂ ನಿದ್ದೆ ಬರ್ತದೆ."

ಹೇಳಿದ್ದು ಅವನಿಗೆ. ಕೈ ಇಟ್ಟದ್ದು ಅವನ ಹೆಗಲ ಮೇಲೆ. ದೀಪ ನನ್ನದು, ಪತ್ತೆ ಮಾಡಿದವಳು ನಾನು, ಹೋಲಿಕೆ ಮಾತ್ರ ಅವನ ಪಾಲಿಗೆ. ನಾನು ಕೇಬಲ್ ಸುತ್ತುತ್ತಾ, "ಅದು ಬರೀ ಕರೆಂಟಿನ ಲೋಡ್ ಅಪ್ಪಾ. ಕತೆ ಗಿತೆ ಎಂತದೂ ಇಲ್ಲ" ಎಂದೆ.

"ಆಯ್ತು ಮಗಾ, ನೀನು ಹೇಳಿದ್ದೇ ಸರಿ" ಎಂದರು.

ಅವನು ಹೋಗುವಾಗ ಚೀಲದಿಂದ ತನ್ನ ಪವರ್ ಬ್ಯಾಂಕ್ ತೆಗೆದು, ಇಟ್ಟಿಗೆಯಷ್ಟು ದಪ್ಪದ್ದು, "ಇದು ಇಟ್ಕೊಳ್ಳಿ ಅಕ್ಕ, ದೊಡ್ಡದುಂಟು, ಎಡೆಯಲ್ಲಿ ಖಾಲಿ ಆದ್ರೆ" ಎಂದ. ಬೇಡ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯ ಕಾರಣ ಕೊಡುತ್ತಿದ್ದೆ, ನನ್ನಲ್ಲಿ ಯಾವಾಗಲೂ ಒಂದು ಇರುತ್ತದೆ.

ಖೈಮಾದಲ್ಲಿ ಅಂದು ಗಾಳಿ ಹರಿತವಾಗಿತ್ತು. ಕಂಬಳಿ ಹೊದ್ದ ಹಿರಿಯರು ಮುಂದೆ, ಮೊಬೈಲು ಹಿಡಿದ ಮಕ್ಕಳು ಹಿಂದೆ. ಕ್ಯಾಮೆರಾ ಎಲ್ಲಿಡುವುದೆಂದು ಸಂಘದ ಒಬ್ಬ ಅಂಕಲ್ ಜೊತೆ ನನಗೆ ಸಣ್ಣ ಯುದ್ಧವಾಯಿತು.

"ಎಲ್ರೂ ಬರ್ಬೇಕು ಮಗಾ. ಭಾಗವತ್ರು, ಮದ್ದಲೆ, ಇಬ್ರು ಅರ್ಥದವರು."

"ಎಲ್ಲರನ್ನೂ ಹಿಡಿದರೆ ಯಾರೂ ಇರುವುದಿಲ್ಲ ಅಂಕಲ್. ಬೆರಳ ತುದಿಯಷ್ಟು ಮುಖ. ಇದು ಯಾರ ಬೀಳ್ಕೊಡುಗೆ? ಅಪ್ಪನದ್ದು. ಹಾಗಾದರೆ ಯಾರ ಮುಖ ಬೇಕು?"

"ಎದುರಿನವ?"

"ಅವರ ಧ್ವನಿ ಬರ್ತದೆ."

ಅಂಕಲ್ ತಲೆ ಕೆರೆದುಕೊಂಡು ಚಹಾದ ಕಡೆ ಹೋದರು. ನನ್ನ ವಾದ ಸರಿಯಾಗಿಯೇ ಇತ್ತು. ಇಂದಿಗೂ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ವಾದಕ್ಕಿಂತ ಮೊದಲು ನನ್ನೊಳಗೆ ಇದ್ದದ್ದು ಬೇರೆ, ನಿಜ. ಡಿಬೇಟಿನಲ್ಲಿ ಅದಕ್ಕೆ ಅಂಕವಿಲ್ಲ.

ಚೌಕಟ್ಟಿನ ತುಂಬ ಅಪ್ಪನೊಬ್ಬರೇ ಕೂತರು. ಅವನ ಮೊಣಕಾಲಿನ ಅಂಚು ಕಾಣುತ್ತಿತ್ತು, ಕ್ಯಾಮೆರಾವನ್ನು ಒಂದಿಷ್ಟು ತಿರುಗಿಸಿ ಅದನ್ನೂ ಹೊರಗಿಟ್ಟೆ. ಟ್ರೈಪಾಡಿನ ಕಾಲಿಗೆ ಬಟ್ಟೆಯ ಚೀಲ ಕಟ್ಟಿ ಅದರಲ್ಲಿ ಪವರ್ ಬ್ಯಾಂಕ್ ಇಳಿಬಿಟ್ಟೆ. ಚೀಲದಿಂದ ಕುತ್ತಿಗೆ ಚಾಚಿ ದೀಪ ಉರಿಯುತ್ತಿತ್ತು. ಜನರೇಟರ್ ನಿಂತಿತು. ಭಾಗವತರು ಪದ ಎತ್ತಿದರು.

ಮೊದಲು ಅಪ್ಪ ಮಾತಾಡಿದರು, ಗೆದ್ದವನ ಗಾಂಭೀರ್ಯದಲ್ಲಿ. ನಾನು ಕೇಳಿ ಬಲ್ಲ ಧ್ವನಿ. ಆಮೇಲೆ ಅವನ ಸರದಿ. ಅವನು ಬಿದ್ದವನ ಧ್ವನಿಯಲ್ಲಿ, ಏದುಸಿರಿನ ನಡುವೆ ಒಂದೊಂದೇ ಮಾತು ಇಡುತ್ತಾ ಹೋದ. ನಾನು ಪರದೆ ನೋಡುತ್ತಿದ್ದೆ. ಪರದೆಯಲ್ಲಿ ಅವನಿರಲಿಲ್ಲ, ಅಪ್ಪ ಇದ್ದರು, ಕೇಳುತ್ತಾ.

ಆ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಬಲ ಹುಬ್ಬು ಒಂದು ನೂಲು ಮೇಲೆ. ಕೆಳತುಟಿ ಹಲ್ಲಿನಡಿ, ನಗು ತಡೆಯುವವರ ಹಾಗೆ. ಮಾತು ತಾಗಿದಾಗ ಕಣ್ಣು ಕಿರಿದು ಮಾಡಿ, ಆಮೇಲೆ ಪೂರ್ತಿ ತೆರೆಯುತ್ತಿದ್ದರು. ತನ್ನನ್ನು ಕಟ್ಟಿಹಾಕುತ್ತಿರುವ ಹಗ್ಗವನ್ನು ಮುಟ್ಟಿ ನೋಡಿ, ಎಂಥ ಹುರಿ ಎಂದು ಮೆಚ್ಚುವ ಮುಖ.

"ಗೆದ್ದ ಮೇಲೆ ಹುಡುಕಿ ತಂದ ಕಾರಣವನ್ನು ಧರ್ಮವೆಂದು ತೊಟ್ಟುಕೊಂಡಿದ್ದೀಯೆ" ಎಂದ ಅವನು. "ಅದು ಕಾರಣವಲ್ಲ, ಆಭರಣ."

ಅಪ್ಪನ ಗಂಟಲಿನಿಂದ "ಹೂಂ" ಎಂದು ಬಂತು. ಪಾತ್ರದ ಹೂಂ ಅಲ್ಲ, ಅವರದ್ದೇ. ಅದೇ ಹೊತ್ತಿಗೆ ಪರದೆಯ ಮೂಲೆಯಲ್ಲಿ ಕೆಂಪು ಗುರುತು ಮಿಟುಕಲು ತೊಡಗಿತು.

ಕೆಳಗೆ ನೋಡಿದೆ. ದೀಪ ಇರಲಿಲ್ಲ. ಟ್ರೈಪಾಡಿನ ಬುಡದಲ್ಲಿ ಶಾಲು ಹೊದ್ದು ಕೂತ ಆಂಟಿಯೊಬ್ಬರು, ನಮ್ಮ ಮಹಡಿಯವರೇ, ನನ್ನ ಮುಖ ನೋಡಿ ಮುಷ್ಟಿ ಬಿಚ್ಚಿ ತೋರಿಸಿದರು. ದೀಪ ಅವರ ಅಂಗೈಯಲ್ಲಿ ಬೆಚ್ಚಗೆ ಮಲಗಿತ್ತು. "ಆಗಳೇ ತೆಗ್ದಿಟ್ಟೆ ಮಗಾ" ಎಂದು ಪಿಸುಗುಟ್ಟಿದರು. "ಇಷ್ಟು ಬಿಸಿಲುಂಟು, ಸುಮ್ಮನೆ ಉರಿಯುದು ಯಾಕೆ ದಂಡಕ್ಕೆ?"

ಖಾಲಿ ಕೋಣೆಯಲ್ಲಿ ಲೈಟು ಉರಿದರೆ ನೆರೆಮನೆಗೂ ಹೊಕ್ಕು ಆರಿಸಿ ಬರುವ ಪೈಕಿ ನಮ್ಮವರು. ಅವರನ್ನು ಏನೆನ್ನುವುದು?

ನಾನು ದೀಪ ತೆಗೆದುಕೊಂಡೆ. ಆದರೆ ಚುಚ್ಚಲಿಲ್ಲ, ಕೂಡಲೇ ಅಲ್ಲ. ತಲೆಯೊಳಗೆ ಎರಡು ಪಕ್ಷಗಳೂ ಎದ್ದು ನಿಂತವು. ಹಾಗೇ ಬಿಟ್ಟರೆ ಇಲ್ಲಿಗೆ ನಿಲ್ಲುತ್ತದೆ, ಇವನ ಅತ್ಯುತ್ತಮ ಭಾಗ ಗಾಳಿಗೆ. ತಪ್ಪು ನನ್ನದಲ್ಲ, ಸಾಕ್ಷಿ ಆಂಟಿಯ ಅಂಗೈ. ಇವನು ಮುಗಿಸಿದ ಮೇಲೆ ಎಬ್ಬಿಸಿದರೆ ಅಪ್ಪನ ಉತ್ತರ ಸಿಗುತ್ತದೆ, ಇದು ಅಪ್ಪನ ವಿಡಿಯೋ ತಾನೇ? ಪರ ಪಕ್ಷ ಬಲವಾಗಿತ್ತು. ವಿರೋಧ ಪಕ್ಷದಲ್ಲಿ ಇದ್ದದ್ದು ಪರದೆಯ ಮೇಲಿನ ಒಂದು ಮುಖ ಮಾತ್ರ. ಅವನ ಮಾತು ನಿಂತ ಗಳಿಗೆ ಆ ಮುಖವೂ ಹೋಗುತ್ತದೆ. ನನ್ನೆದುರು ಅದು ಬಂದದ್ದಿಲ್ಲ, ಬರುವಷ್ಟು ಸಮಯವೂ ಉಳಿದಿಲ್ಲ. ನನಗೆ ಸಿಗುವುದಾದರೆ ಇಲ್ಲೇ, ಅವನ ಮಾತಿನ ದಯದಿಂದಲೇ, ಕದ್ದ ಹಾಗೆ.

ಬಗ್ಗಿ ಪವರ್ ಬ್ಯಾಂಕಿನ ಗುಂಡಿ ಒತ್ತಿದೆ. ದೀಪ ಚುಚ್ಚಿದೆ. ಕೆಂಪು ಗುರುತು ಇನ್ನೆರಡು ಸಲ ಮಿಟುಕಿ ಬಿಳಿಯಾಯಿತು. ವಿಡಿಯೋ ಒಂದು ಚೂರೂ ತುಂಡಾಗಲಿಲ್ಲ. ಆಂಟಿ ನನ್ನನ್ನು ದುಂದುಗಾತಿ ಎಂಬಂತೆ ನೋಡಿದರು.

ಮುಂದಿನ ವಾರ ಅವನು ವಿಡಿಯೋ ಕೇಳಿಕೊಂಡು ಮನೆಗೆ ಬಂದ. ಅರ್ಧ ಮನೆ ಪೆಟ್ಟಿಗೆಗಳಲ್ಲಿ ಕೂತಿತ್ತು. ಲ್ಯಾಪ್‌ಟಾಪನ್ನು ಒಂದು ಪೆಟ್ಟಿಗೆಯ ಮೇಲಿಟ್ಟು ಹಾಕಿದೆ. ಅವನಿಗೆ ನೋವಾಗುವುದನ್ನು ನೋಡಲು ನಾನು ಸಿದ್ಧಳಾಗಿದ್ದೆ, ಉತ್ತರವೂ ಸಿದ್ಧವಿತ್ತು. ತಾನು ಎಲ್ಲೂ ಇಲ್ಲವೆಂದು ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅವನು ಪರದೆಗೆ ಹತ್ತಿರ ಬಾಗಿದ. ಬಾಗಿಯೇ ಉಳಿದ.

"ಅಕ್ಕ..." ಎಂದ ಕೊನೆಗೆ. "ಮಾತಾಡುವಾಗ ನಾನು ಇವರ ಮುಖ ನೋಡಿದ್ದೇ ಇಲ್ಲ. ನೋಡಿದ್ರೆ ಮಾತು ತಪ್ತದೆ ಅಂತ ನೆಲ ನೋಡುದು ನಾನು. ಹೀಗೆ ಕೇಳ್ತಾ ಇದ್ರಾ ಇವರು?" ಕಣ್ಣು ಒರೆಸಿಕೊಂಡ. "ಬೇರೆ ಯಾರಾದ್ರೂ ಆಗಿದ್ರೆ ನನ್ನ ವಿಡಿಯೋ ತೆಗೀತಿದ್ರು, ನನ್ನ ಟೊಪ್ಪಿಯದ್ದು ತೆಗೀತಿದ್ರು. ನಿಮಗೆ ಹೇಗೆ ಗೊತ್ತಾಯ್ತು, ನಂಗೆ ಇದು ಬೇಕು ಅಂತ?"

ನನ್ನ ಬಳಿ ಕಾರಣವಿರಲಿಲ್ಲ. ಆಭರಣವೂ ಇರಲಿಲ್ಲ. ಹೊರಗಿಟ್ಟದ್ದಕ್ಕೆ ಅವನಿಗೆ ಸಿಕ್ಕಿದ್ದು ಇದು. ನಾನು ಅವನನ್ನು ಚೌಕಟ್ಟಿನ ಒಳಗೆ ಇಟ್ಟಿದ್ದರೆ ಬೆರಳ ತುದಿಯಷ್ಟಾಗುತ್ತಿದ್ದ. ಪೆನ್‌ಡ್ರೈವ್ ಕೊಟ್ಟೆ. ಬಾಗಿಲಲ್ಲಿ ಅವನು ಶೂ ಹಾಕಿಕೊಳ್ಳುತ್ತಿದ್ದಾಗ ಅದನ್ನು ಕಸಿದುಕೊಳ್ಳಬೇಕೆನಿಸಿತು.

ಅವನು ಹೋದ ಮೇಲೆ ಅಪ್ಪ ವಿಡಿಯೋ ನೋಡಿದರು. ನಾನು ಪಕ್ಕದಲ್ಲಿ ಪುಸ್ತಕಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ತೆರೆದ ಅಡುಗೆಮನೆಯ ಬಾಗಿಲಿನ ಬಳಿ ಅಮ್ಮ ಲಗೇಜ್ ತೂಗುತ್ತಿದ್ದಳು.

"ಎದುರಿನವನೇ ಇಲ್ವಲ್ಲ ಮಗಾ ಇದ್ರಲ್ಲಿ?"

"ಒಂದೇ ಕ್ಯಾಮೆರಾ ಅಪ್ಪಾ."

"ಹೂಂ." ಅವರು ಲ್ಯಾಪ್‌ಟಾಪ್ ಮುಚ್ಚಿದರು. ಒಪ್ಪಿಬಿಡುತ್ತಾರೆ ಎಂದುಕೊಂಡೆ. ಆದರೆ ಅವರು ಕೇಳಿದರು: "ಅವನ ಜಾಗದಲ್ಲಿ ನೀನಿದ್ದಿದ್ರೆ ಎಂತ ಹೇಳ್ತಿದ್ದೆ?"

ಈ ಪ್ರಶ್ನೆಗೆ ನಾನು ಮುಚ್ಚಿದ ಬಾಗಿಲ ಹಿಂದೆ ಇಡೀ ಚಳಿಗಾಲ ತಯಾರಿ ಮಾಡಿದ್ದೆ. ಇಂಗ್ಲಿಷ್ ನಾಲಗೆಯ ತುದಿಗೆ ಬಂತು, ನುಂಗಿದೆ.

"ನಾನು ಪ್ರಶ್ನೆಯನ್ನೇ ಕೇಳ್ತಿರಲಿಲ್ಲ. ಕೇಳಿದರೆ ಗೆದ್ದವನಿಗೆ ಉತ್ತರಿಸುವ ಅವಕಾಶ ಸಿಗ್ತದೆ, ಎರಡನೇ ಸಲ ಗೆಲ್ತಾನೆ. ಸುಮ್ಮನಿರ್ತಿದ್ದೆ. ನೀವು ನಿಮ್ಮ ಧರ್ಮವನ್ನೆಲ್ಲ ಬಾಯಲ್ಲಿ ಇಟ್ಟುಕೊಂಡು ಕಾಯ್ಬೇಕಿತ್ತು."

"ಸುಮ್ಮನೆ ಕೂತ್ರೆ ಅದು ತಾಳಮದ್ದಲೆ ಆಗ್ತದಾ?"

"ನೀವು ನನ್ನ ಹತ್ತಿರ ಇಷ್ಟು ವರ್ಷ ಗೆದ್ದದ್ದು ಹಾಗೇ ಅಲ್ವಾ?"

ನಾನು ಪುಸ್ತಕದ ಪೆಟ್ಟಿಗೆಗೆ ಟೇಪು ಎಳೆದೆ. ಅಪ್ಪ ಕನ್ನಡಕ ತೆಗೆದರು, ಒರೆಸಲಿಲ್ಲ.

"ಇಲ್ಲ" ಎಂದರು. "ಅದು ತಪ್ಪು."

ಆ ಎರಡು ಮಾತು ನನಗೆ ಅವರು ಎಂದೂ ಕೊಟ್ಟಿರಲಿಲ್ಲ.

"ನೀನು ಇಂಗ್ಲಿಷಿನಲ್ಲಿ ಹೇಳಿ ಮುಗಿಸ್ತಿದ್ದೆ. ನನಗೆ ಅದು ಕನ್ನಡ ಆಗುವಷ್ಟರಲ್ಲಿ ನೀನು ಗೆದ್ದು ಕೋಣೆಗೆ ಹೋಗಿ ಆಗಿರ್ತಿತ್ತು. ಸೋತವ ಒಪ್ಪಿದ್ದನ್ನು ಗೆಲುವು ಅಂತ ಹೇಳುದು ಯಾವ ಊರಿನ ನ್ಯಾಯ?"

"ಸೋತಿದ್ದರೆ ಸೋತೆ ಅಂತ ಹೇಳ್ಬೇಕು. 'ನೀನು ಹೇಳಿದ್ದೇ ಸರಿ' ಅಂದರೆ ಅದು ಸೋಲಲ್ಲ, ಬಾಗಿಲು ಹಾಕುದು."

"ಬಾಗಿಲು ಹಾಕಿಕೊಂಡದ್ದು ಯಾರು ಮಾರಾಯ್ತಿ? ಶುಕ್ರವಾರ ಶುಕ್ರವಾರ?"

"ಅದಕ್ಕೆ ಕಾರಣ ಉಂಟು!"

"ಕಾರಣವಾ, ಆಭರಣವಾ?"

ಆಮೇಲೆ ಎಷ್ಟು ಹೊತ್ತು ನಡೆಯಿತೋ ತಿಳಿಯದು. ನಾನು ಮಾತಾಡಿದೆ, ಅವರು ಮುರಿದರು, ನಾನು ಕಟ್ಟಿದೆ. ಕ್ರಿಯಾಪದಗಳು ಎಡವಿದವು, ಎಬ್ಬಿಸಿಕೊಂಡು ನಡೆದೆ. ಕ್ಯಾಮೆರಾ ಯಾವ ಪೆಟ್ಟಿಗೆಯಲ್ಲಿತ್ತೋ, ಅದರ ನೆನಪೇ ಆಗಲಿಲ್ಲ. ಅಪ್ಪ ಎದ್ದು ನೀರು ಕುಡಿಯಲು ಹೋದಾಗಲಷ್ಟೇ ಹೊಳೆಯಿತು: ನಾನು ಅಷ್ಟೂ ಹೊತ್ತು ನೋಡಿದ್ದು ಪುಸ್ತಕದ ಪೆಟ್ಟಿಗೆಯ ಟೇಪನ್ನು. ಒಮ್ಮೆಯೂ ಅವರ ಮುಖವನ್ನಲ್ಲ.

ಅಮ್ಮನ ಬಳಿಗೆ ಓಡಿದೆ. "ಅಮ್ಮಾ, ನಾನು ಮಾತಾಡುವಾಗ ಅಪ್ಪನ ಮುಖ ಹೇಗಿತ್ತು? ಹುಬ್ಬು? ಬಲದ್ದು?"

"ನಂಗೆಂತ ಗೊತ್ತು?" ಎಂದಳು ಅಮ್ಮ, ಸೂಟ್‌ಕೇಸಿನಿಂದ ಉಪ್ಪಿನಕಾಯಿ ಭರಣಿಯೊಂದನ್ನು ಹೊರಗೆ ತೆಗೆಯುತ್ತಾ. "ನಾನು ತೂಕದ ಮುಳ್ಳು ನೋಡ್ತಾ ಇದ್ದೆ. ಹೌದು, ಅಷ್ಟು ಬೊಬ್ಬೆ ಯಾಕೆ ಹಾಕಿದ್ದು ನೀವು ಇಬ್ರು? ಆ ಕೋಣೆಯ ಲೈಟ್ ಆರಿಸಿ ಬಾ."